ಕೆ.ಎಂ. ಮಾರ್ಗದ ‘ಕೆ.ಎಂ.’ ಯಾರು ಗೊತ್ತುಂಟಾ? ಡ್ರಿಲ್ ಮಾಸ್ಟ್ರು ಬರೆದ ಕಥೆ ಕನ್ನಡ ಕ್ಲಾಸಿನ ಪಾಠವಾದದ್ದು ಹೀಗೆ

ಉಡುಪಿ: ಪೇಟೆಯ ಕೆ.ಎಂ. ಮಾರ್ಗದಲ್ಲಿ ದಿನಕ್ಕೆ ಸಾವಿರಾರು ಜನ ಓಡಾಡ್ತಾರೆ. ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಚಿನ್ನದ ಅಂಗಡಿ ಎಲ್ಲದರ ಬೋರ್ಡಿನ ಕೆಳಗೂ ಸಣ್ಣ ಅಕ್ಷರದಲ್ಲಿ ಕೆ.ಎಂ. ಮಾರ್ಗ ಅಂತ ಬರೆದಿರ್ತದೆ. ಬಿಲ್ ಬುಕ್ಕಿನಲ್ಲೂ ಅದೇ ಇರ್ತದೆ. ಮೊನ್ನೆ ನಾನು ಅಲ್ಲಿ ನಿಂತು ನಾಲ್ಕು ಕಾಲೇಜು ಹುಡುಗರ ಹತ್ತಿರ ಕೆ.ಎಂ. ಅಂದ್ರೆ ಎಂತ ಅಂತ ಕೇಳಿದೆ. ಒಬ್ಬ ಕಿಲೋಮೀಟರ್ ಅಂದ. ಇನ್ನೊಬ್ಬ ಯಾರೋ ಹಳೇ ಶೇಟ್‌ಗಳ ಹೆಸರಿರಬೇಕು ಅಂದ. ಉಳಿದ ಇಬ್ಬರು ನಕ್ಕು ಮುಂದೆ ಹೋದರು.

ಕೆ.ಎಂ. ಅಂದ್ರೆ ಕವಿ ಮುದ್ದಣ. ಈ ಹೆಸರು ಹೇಳಿದ ಕೂಡಲೇ ಐವತ್ತು ದಾಟಿದ ಅಂಗಡಿ ಧನಿಗಳ ಮುಖ ಅರಳ್ತದೆ. ಹೈಸ್ಕೂಲಿನಲ್ಲಿ ಓದಿದ ಮುದ್ದಣ ಮನೋರಮೆಯರ ಸಲ್ಲಾಪ ಅವರಿಗೆ ಇನ್ನೂ ನೆನಪುಂಟು. ಕೆಲವರು ಎರಡು ಸಾಲು ಬಾಯಿಪಾಠವನ್ನೂ ಹೇಳ್ತಾರೆ. ಆದರೆ ಆ ಮುದ್ದಣ ಇದೇ ಊರಿನ ಹೈಸ್ಕೂಲಿನಲ್ಲಿ ಹುಡುಗರಿಗೆ ಡ್ರಿಲ್ ಹೇಳಿಕೊಡ್ತಿದ್ದ ವ್ಯಾಯಾಮದ ಮಾಸ್ಟ್ರು ಅಂತ ಹೇಳಿದರೆ ಅವರೂ ಒಮ್ಮೆ ಕಣ್ಣರಳಿಸ್ತಾರೆ. ಹಾಗಾಗಿ ನಮ್ಮ ಜಿಲ್ಲೆಯ ಈ ಮಾಸ್ಟ್ರ ಕಥೆಯನ್ನು ಮೊದಲಿಂದ ಹೇಳುವ ಅಂತ ಹೊರಟಿದ್ದೇನೆ.

ನಂದಳಿಕೆಯ ಹುಡುಗ

ಕಾರ್ಕಳ ತಾಲೂಕಿನ ನಂದಳಿಕೆ ಗೊತ್ತಿಲ್ಲದವರು ಈ ಕಡೆ ಕಡಿಮೆ. ಬೆಳ್ಮಣ್ ಹತ್ತಿರದ ಊರು. ಮಹಾಲಿಂಗೇಶ್ವರ ದೇವಸ್ಥಾನ, ಸಿರಿಜಾತ್ರೆ ಅಂದ್ರೆ ಜಿಲ್ಲೆಯ ನಾಲ್ಕೂ ಕಡೆಯಿಂದ ಜನ ಬರ್ತಾರೆ. ಅದೇ ನಂದಳಿಕೆಯಲ್ಲಿ 1870ರ ಜನವರಿ 24ರಂದು ಒಂದು ಬಡ ಬ್ರಾಹ್ಮಣರ ಮನೆಯಲ್ಲಿ ಗಂಡು ಮಗು ಹುಟ್ಟಿತು. ತಂದೆ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ಮಗುವಿಗೆ ಇಟ್ಟ ಹೆಸರು ಲಕ್ಷ್ಮೀನಾರಾಯಣ. ಊರಿನ ಬಾಯಲ್ಲಿ ಅದು ಲಕ್ಷ್ಮೀನಾರಣಪ್ಪ ಆಯಿತು. ನೋಡ್ಲಿಕ್ಕೆ ಮುದ್ದಾಗಿದ್ದ ಮಗುವನ್ನು ತಾಯಿ ಮುದ್ದಣ ಅಂತ ಕರೀತಿದ್ದರು. ಮನೆಯೊಳಗಿನ ಈ ಕೊಂಡಾಟದ ಹೆಸರು ಮುಂದೆ ಇಡೀ ಕನ್ನಡ ನಾಡಿಗೆ ಗೊತ್ತಾಗ್ತದೆ ಅಂತ ಆ ತಾಯಿಗೆ ಗೊತ್ತಿರಲಿಕ್ಕಿಲ್ಲ.

ಆಗಿನ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ರೈಲು ಇರಲಿಲ್ಲ. ಹೊಳೆಗಳಿಗೆ ಈಗಿನ ಹಾಗೆ ಸೇತುವೆ ಇರಲಿಲ್ಲ, ದೋಣಿಯಲ್ಲಿ ದಾಟಬೇಕಿತ್ತು. ಸುತ್ತಮುತ್ತ ಎಲ್ಲ ಕಡೆ ತುಳು ಮಾತು. ಕನ್ನಡ ಹೆಚ್ಚಾಗಿ ಕೇಳ್ತಿದ್ದದ್ದು ಎರಡು ಕಡೆ. ಒಂದು ಶಾಲೆ, ಇನ್ನೊಂದು ಯಕ್ಷಗಾನದ ಆಟ.

ಆಟದ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಯಾಕಂದ್ರೆ ಮುದ್ದಣರ ಬರವಣಿಗೆಯ ಬೇರು ಅಲ್ಲೇ ಇದೆ ಅಂತ ನನಗನ್ನಿಸ್ತದೆ. ನಮ್ಮ ಯಕ್ಷಗಾನದಲ್ಲಿ ಪ್ರಸಂಗದ ಪುಸ್ತಕ ಅಂದ್ರೆ ಬರೀ ಪದ್ಯ. ಭಾಗವತರು ಪದ ಹಾಡಿ ಬಿಟ್ಟರೆ ವೇಷಧಾರಿ ಅದರ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಬೇಕು. ಎದುರಿನ ವೇಷ ಪ್ರಶ್ನೆ ಹಾಕ್ತದೆ, ತಡೀತದೆ, ಕಾಲೆಳೀತದೆ. ಅದಕ್ಕೆ ಸ್ಥಳದಲ್ಲೇ ಉತ್ತರ ಕೊಡಬೇಕು. ಪದ್ಯದಲ್ಲಿದ್ದ ಕಥೆ ರಾತ್ರಿ ಬೆಳಗಾಗುವುದರೊಳಗೆ ಮಾತಾಗಿ, ಜಗಳವಾಗಿ, ತಮಾಷೆಯಾಗಿ ಜನರ ಮುಂದೆ ನಿಲ್ತದೆ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ, ಮನೆ ಚಾವಡಿಯಲ್ಲಿ ವೇಷ ಇಲ್ಲದೆ ತಾಳಮದ್ದಳೆ. ಇಬ್ಬರು ಎದುರೆದುರು ಕೂತು ಮಾತಿನಲ್ಲೇ ಇಡೀ ರಾಮಾಯಣ ಕಟ್ಟುವ ಕಲೆ ಅದು. ಈ ಚಾವಡಿಯ ನೆನಪನ್ನು ಸ್ವಲ್ಪ ಬದಿಗೆ ಇಟ್ಟುಕೊಳ್ಳಿ. ಮುಂದೆ ಬೇಕಾಗ್ತದೆ.

ಓದು ನಿಂತಿತು, ಡ್ರಿಲ್ ಕೈ ಹಿಡಿಯಿತು

ಊರಿನಲ್ಲಿ ಮೊದಲ ಪಾಠ ಮುಗಿಸಿ ಮುದ್ದಣ ಉಡುಪಿಗೆ ಓದ್ಲಿಕ್ಕೆ ಬಂದರು. ಬಡತನ ಬೆನ್ನು ಬಿಡಲಿಲ್ಲ. ಇಂಗ್ಲಿಷ್ ಓದು ಪೂರ್ತಿ ಆಗಲಿಲ್ಲ. ಡಿಗ್ರಿ ಇಲ್ಲ, ಕೈಯಲ್ಲಿ ದುಡ್ಡಿಲ್ಲ, ಮನೆಗೆ ಆಧಾರ ಆಗಬೇಕು. ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು ಬಂದ ನನ್ನಂಥವನಿಗೆ ಈ ಜಾಗದಲ್ಲಿ ಸ್ವಲ್ಪ ನಿಂತು ಮುಂದೆ ಹೋಗಬೇಕು ಅನ್ನಿಸ್ತದೆ. ಓದು ನಿಂತಾಗ ಊರು ಮಾಡುವ ಲೆಕ್ಕಾಚಾರ ಆಗಲೂ ಈಗಲೂ ಒಂದೇ ತರ. ಇವ ಇನ್ನೆಂತ ಮಾಡ್ತಾನೆ ಅಂತ.

ಅವರು ಮಾಡಿದ್ದು ಮೈಗಟ್ಟಿ ಕೆಲಸ. ಮದ್ರಾಸಿಗೆ ಹೋಗಿ ವ್ಯಾಯಾಮದ ತರಬೇತಿ ಪಡೆದು ಬಂದರು. ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕರ ಕೆಲಸ ಸಿಕ್ಕಿತು. ಉಡುಪಿಯಲ್ಲಿ, ಸ್ವಲ್ಪ ಕಾಲ ಕುಂದಾಪುರದಲ್ಲಿ, ಮತ್ತೆ ಉಡುಪಿಯಲ್ಲಿ. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನ ಹೆಸರು ಅವರ ಹೆಸರಿನ ಜೊತೆ ಇವತ್ತಿಗೂ ಬರ್ತದೆ.

ಆ ಕಾಲದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ಟ್ರಿಗೆ ಇದ್ದ ಗೌರವ ಕನ್ನಡ ಪಂಡಿತರಿಗೆ ಇರಲಿಲ್ಲ, ಡ್ರಿಲ್ ಮಾಸ್ಟ್ರಿಗಂತೂ ಅದಕ್ಕಿಂತಲೂ ಕಡಿಮೆ. ಈಗಲೂ ಪಿಟಿ ಪಿರಿಯಡ್ ಅಂದ್ರೆ ಬೇರೆ ಮಾಸ್ಟ್ರು ತಮ್ಮ ಪಾಠ ಮುಗಿಸ್ಲಿಕ್ಕೆ ತೆಗೆದುಕೊಳ್ಳುವ ಪಿರಿಯಡ್ ತಾನೇ? ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೈ ಮೇಲೆ, ಕೈ ಕೆಳಗೆ ಮಾಡಿಸ್ತಿದ್ದ ಮಾಸ್ಟ್ರ ತಲೆಯಲ್ಲಿ ಹಳಗನ್ನಡದ ಗದ್ಯ ಓಡ್ತಾ ಇದ್ದೀತು ಅಂತ ಯಾರು ಅಂದುಕೊಂಡಾರು?

ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ಕನ್ನಡ ಪಂಡಿತರಾದ ಮಳಲಿ ಸುಬ್ಬರಾಯರು. ಮುದ್ದಣರಿಗೆ ಹಳೆಗನ್ನಡ ಕಾವ್ಯಗಳ ರುಚಿ ಹತ್ತಿಸಿದವರಲ್ಲಿ ಅವರ ಪಾತ್ರ ದೊಡ್ಡದು. ಇವರಿಬ್ಬರ ಸ್ನೇಹ ಕೊನೆವರೆಗೂ ಉಳಿಯಿತು. ಕಾಲೇಜಿಗೆ ಹೋಗದ ಮುದ್ದಣರಿಗೆ ಈ ಸ್ನೇಹವೇ ಕಾಲೇಜು ಆಯಿತು ಅಂದರೂ ತಪ್ಪಿಲ್ಲ.

ಮೊದಲು ಅವರು ಬರೆದದ್ದು ಆಟಕ್ಕೆ. ರತ್ನಾವತಿ ಕಲ್ಯಾಣ, ಕುಮಾರ ವಿಜಯ ಅಂತ ಎರಡು ಯಕ್ಷಗಾನ ಪ್ರಸಂಗ. ಕುಮಾರ ವಿಜಯದಲ್ಲಿ ಷಣ್ಮುಖ ತಾರಕಾಸುರನನ್ನು ಕೊಲ್ಲುವ ಕಥೆ. ನಮ್ಮ ಹಿರಿಯ ಭಾಗವತರಿಗೆ, ಅರ್ಥಧಾರಿಗಳಿಗೆ ಈ ಎರಡು ಪ್ರಸಂಗದ ಪರಿಚಯ ಚೆನ್ನಾಗಿ ಇದೆ. ನಾಟಕ ಬರೆಯುವವನಿಗೆ ಮುಖ್ಯವಾಗಿ ಬೇಕಾದದ್ದು ಎರಡು ಪಾತ್ರಗಳನ್ನು ಎದುರೆದುರು ನಿಲ್ಲಿಸಿ ಮಾತಾಡಿಸುವ ಕೈಚಳಕ. ಅದು ಮುದ್ದಣರಿಗೆ ಬಂದದ್ದು ಇಲ್ಲಿಂದ.

1893ರಲ್ಲಿ ಅವರಿಗೆ ಮದುವೆ ಆಯಿತು. ಹೆಂಡತಿ ಘಟ್ಟದ ಮೇಲಿನವರು, ಶಿವಮೊಗ್ಗ ಕಡೆಯ ಕಮಲಾಬಾಯಿ. ರಾಧಾಕೃಷ್ಣ ಅಂತ ಒಬ್ಬ ಮಗ ಹುಟ್ಟಿದ. ಸಣ್ಣ ಸಂಬಳದ ಸಣ್ಣ ಸಂಸಾರ.

ಅಂಚೆಯಲ್ಲಿ ಹೋದ ಹಳೇ ಕವಿ

ಈಗ ಕಥೆಯ ಅತ್ಯಂತ ಸ್ವಾರಸ್ಯದ ಭಾಗ. ಆಗ ಮೈಸೂರಿನಲ್ಲಿ ಕರ್ಣಾಟಕ ಕಾವ್ಯಮಂಜರಿ ಅಂತ ಒಂದು ಮಾಸಪತ್ರಿಕೆ ಇತ್ತು. 1892ರಲ್ಲಿ ಶುರುವಾದದ್ದು. ರಾಮಾನುಜಯ್ಯಂಗಾರ್ಯರು ಮತ್ತು ಎಸ್.ಜಿ. ನರಸಿಂಹಾಚಾರ್ಯರು ಸೇರಿ ನಡೆಸ್ತಿದ್ದರು. ಅದರ ಕೆಲಸ ಓಲೆಗರಿಯಲ್ಲಿ ಮಲಗಿದ್ದ ಹಳೆಯ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕುವುದು. ಮುಂದೆ ರಾಮಾನುಜಯ್ಯಂಗಾರ್ಯರು ಇದೇ ಕೆಲಸಕ್ಕೆ ಕಾವ್ಯಕಲಾನಿಧಿ ಅಂತ ಇನ್ನೊಂದು ಮಾಲೆ ನಡೆಸಿದರು. ಹಳೇ ಕವಿಗಳಿಗೆ ಅಲ್ಲಿ ಮರ್ಯಾದೆ ಇತ್ತು. ಉಡುಪಿಯ ಡ್ರಿಲ್ ಮಾಸ್ಟ್ರು ಹೊಸದಾಗಿ ಒಂದು ಕಾವ್ಯ ಬರೆದಿದ್ದೇನೆ ಅಂತ ಕಳಿಸಿದ್ದರೆ ಯಾರು ಮೂಸಿ ನೋಡ್ತಿದ್ದರು?

ಮುದ್ದಣರು ಒಂದು ಉಪಾಯ ಮಾಡಿದರು. ತಾನು ಬರೆದದ್ದನ್ನು ಯಾವುದೋ ಹಳೇ ಕವಿಯ ಕೃತಿ ಸಿಕ್ಕಿದೆ ಅನ್ನುವ ಹಾಗೆ ಮೈಸೂರಿಗೆ ಕಳಿಸಿದರು. 1895ರಲ್ಲಿ ಅದ್ಭುತ ರಾಮಾಯಣ ಕಾವ್ಯಮಂಜರಿಯಲ್ಲಿ ಅಚ್ಚಾಯಿತು. ಸಂಸ್ಕೃತದಲ್ಲಿದ್ದ ಕಥೆಯನ್ನು ಗದ್ಯದಲ್ಲಿ ಹೇಳಿದ ಪುಸ್ತಕ. ಸಾವಿರ ತಲೆಯ ರಾವಣನನ್ನು ಇಲ್ಲಿ ಕೊಲ್ಲುವುದು ರಾಮ ಅಲ್ಲ, ಸೀತೆ. ಮರುವರ್ಷ ಷಟ್ಪದಿಯಲ್ಲಿ ಬರೆದ ಶ್ರೀರಾಮ ಪಟ್ಟಾಭಿಷೇಕ ಬಂತು. ಅದಕ್ಕೆ ಹಾಕಿದ್ದು ಮಹಾಲಕ್ಷ್ಮಿ ಅನ್ನುವ ಹೆಸರು. ಅಮ್ಮನ ಹೆಸರು!

ಪಂಡಿತರು ಓದಿದರು, ಒಪ್ಪಿಕೊಂಡರು. ಭಾಷೆ ಅಷ್ಟು ಪಳಗಿತ್ತು. ಯಾರಿಗೂ ಇದು ನಿನ್ನೆ ಮೊನ್ನೆ ಬರೆದದ್ದು, ಬರೆದವನಿಗೆ ಇನ್ನೂ ಮೂವತ್ತೂ ಆಗಿಲ್ಲ ಅಂತ ಅನುಮಾನ ಬರಲಿಲ್ಲ. ಲೋಕದಲ್ಲಿ ಬೇರೆಯವರು ಬರೆದದ್ದನ್ನು ತನ್ನದು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ತಾನೇ ಬರೆದದ್ದನ್ನು ಬೇರೆಯವರದ್ದು ಅಂತ ಹೇಳಿದವರು ಎಷ್ಟು ಜನ? ಅವರ ಸಂಕೋಚವೋ, ಹೆದರಿಕೆಯೋ, ಹೇಗಾದರೂ ಅಚ್ಚಾದರೆ ಸಾಕು ಅನ್ನುವ ಆಸೆಯೋ, ಬಹುಶಃ ಮೂರೂ ಸೇರಿಕೊಂಡಿದ್ದಿರಬೇಕು. ತನ್ನ ಪುಸ್ತಕ ಹೊಗಳಿಸಿಕೊಳ್ಳುವುದನ್ನು ಕೇಳಿಯೂ ನಾನೇ ಬರೆದದ್ದು ಅಂತ ಹೇಳ್ಲಿಕ್ಕೆ ಆಗದೆ ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋಗಿ ಡ್ರಿಲ್ ಮಾಡಿಸುವುದು ಅಂದ್ರೆ ಸುಲಭ ಅಲ್ಲ ಮಾರಾಯ್ರೆ.

ಮಳೆಗಾಲದ ಒಂದು ದಿನ

ಮೂರನೆಯದ್ದು ಶ್ರೀರಾಮಾಶ್ವಮೇಧ. ಮುದ್ದಣರಿಗೆ ಹೆಸರು ತಂದದ್ದು ಇದೇ. ಕಾವ್ಯಕಲಾನಿಧಿಯಲ್ಲಿ, ಅವರ ಬದುಕಿನ ಕೊನೆಯ ವರ್ಷಗಳಲ್ಲಿ ಅಚ್ಚಾದದ್ದು. ಕಥೆ ಪದ್ಮಪುರಾಣದ ಕಡೆಯದ್ದು. ರಾಮ ಅಶ್ವಮೇಧ ಮಾಡ್ತಾನೆ, ಕುದುರೆಯ ಬೆಂಗಾವಲಿಗೆ ಶತ್ರುಘ್ನ ಹೋಗ್ತಾನೆ, ದಾರಿಯುದ್ದ ಯುದ್ಧ, ಕೊನೆಗೆ ಕುಶ ಲವರು ಕುದುರೆ ಕಟ್ಟಿಹಾಕ್ತಾರೆ. ಇದಿಷ್ಟೇ ಆಗಿದ್ದರೆ ನಾವು ಇವತ್ತು ಮುದ್ದಣರ ಹೆಸರು ಹೇಳ್ತಿರಲಿಲ್ಲ. ನೂರಾರು ರಾಮಾಯಣದಲ್ಲಿ ಅದೂ ಒಂದು ಆಗ್ತಿತ್ತು.

ಅವರು ಮಾಡಿದ ಹೊಸತನ ಏನೆಂದರೆ ಕಥೆ ಹೇಳುವವನನ್ನೂ ಕೇಳುವವಳನ್ನೂ ಕಥೆಯ ಒಳಗೆ ತಂದು ಕೂರಿಸಿದ್ದು. ಮಳೆಗಾಲ. ಮುದ್ದಣ ಅರಮನೆಯಿಂದ ಮನೆಗೆ ಬರ್ತಾನೆ. ಹೆಂಡತಿ ಮನೋರಮೆ ಉಪಚಾರ ಮಾಡ್ತಾಳೆ. ಹೊರಗೆ ಮಳೆ, ಹೊತ್ತು ಹೋಗ್ತಾ ಇಲ್ಲ, ಒಂದು ಕಥೆ ಹೇಳು ಅಂತ ಹಟ ಹಿಡೀತಾಳೆ. ಯಾವ ಕಥೆ ಬೇಕು ಅಂತ ಅವನು, ಅದು ಬೇಡ ಇದು ಬೇಡ ಅಂತ ಅವಳು. ಪದ್ಯದಲ್ಲಿ ಹೇಳ್ಲಾ ಅಂದರೆ ಅವಳಿಗೆ ಪದ್ಯ ಬೇಡ, ಗದ್ಯ ಬೇಕು. ಅವನು ಗತ್ತಿನಲ್ಲಿ ಉದ್ದುದ್ದ ಸಂಸ್ಕೃತ ಹಾಕಿ ಶುರು ಮಾಡಿದರೆ ಅವಳು ಅಲ್ಲಿಗೇ ತಡೀತಾಳೆ. ತನಗೆ ಅರ್ಥ ಆಗುವ ಕನ್ನಡದಲ್ಲಿ ಹೇಳಬೇಕು ಅಂತಾಳೆ. ಕಥೆ ಹೇಳಿದರೆ ನನಗೆ ಎಂತ ಕೊಡ್ತಿ ಅಂತ ಅವನು ಕೇಳಿದರೆ ಅದಕ್ಕೂ ಅವಳ ಹತ್ತಿರ ಉತ್ತರ ಇದೆ.

ಕಥೆ ಶುರು ಆದ ಮೇಲೂ ಅವಳು ಸುಮ್ಮನೆ ಕೂರುವವಳಲ್ಲ. ನಡುವೆ ನಡುವೆ ಬಾಯಿ ಹಾಕ್ತಾಳೆ, ಅನುಮಾನ ಕೇಳ್ತಾಳೆ, ಬೇಜಾರು ಮಾಡಿಕೊಳ್ತಾಳೆ. ಅವನು ಸಮಾಧಾನ ಮಾಡಿ ಮುಂದುವರಿಸ್ತಾನೆ. ಮನೋರಮೆ ಅಂದ್ರೆ ಕಮಲಾಬಾಯಿಯೇ ಅಂತ ಹೇಳುವವರು ಇದ್ದಾರೆ. ಇರಬಹುದು.

ಇಲ್ಲಿ ಎರಡು ಸಂಗತಿ ಗಮನಿಸಿ. ಒಂದು, ನಿಜ ಬದುಕಿನಲ್ಲಿ ಶಾಲೆಯ ಮೈದಾನದಿಂದ ಮನೆಗೆ ಬರ್ತಿದ್ದ ಮಾಸ್ಟ್ರು ಪುಸ್ತಕದಲ್ಲಿ ಅರಮನೆಯಿಂದ ಬರುವ ಕವಿ ಆಗಿದ್ದಾರೆ. ಲೋಕ ಕೊಡದ ಬಡ್ತಿಯನ್ನು ತಾನೇ ಕೊಟ್ಟುಕೊಂಡಿದ್ದಾರೆ. ಎರಡು, ಮಳೆಗಾಲ, ಮನೆಯ ಒಳಗೆ ಇಬ್ಬರು ಎದುರೆದುರು ಕೂತು ರಾಮಾಯಣ ಮಾತಾಡುವುದು. ಇದು ನಮ್ಮ ತಾಳಮದ್ದಳೆಯ ಚಾವಡಿ ಅಲ್ಲವಾ? ಮದ್ದಳೆ ಇಲ್ಲ ಅಷ್ಟೇ.

ಇದೇ ಹೊತ್ತಿಗೆ, 1899ರಲ್ಲಿ, ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಪ್ರಕಟ ಆಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಅದಕ್ಕೆ ಹೆಸರು. ಅದಕ್ಕೆ ಐದು ವರ್ಷ ಮೊದಲು ಕಿಟ್ಟೆಲರ ನಿಘಂಟು ಬಂದದ್ದೂ ಮಂಗಳೂರಿನಿಂದಲೇ. ಒಂದೇ ಜಿಲ್ಲೆ, ಒಂದೇ ಕಾಲ. ಗುಲ್ವಾಡಿಯವರು ಹೊಸ ಕಥೆಯನ್ನು ಹೊಸ ಕನ್ನಡದಲ್ಲಿ ಹೇಳಿದರು. ಮುದ್ದಣರು ಹಳೇ ಕನ್ನಡದ ಅಂಗಿ ಹಾಕಿ ಒಳಗೆ ಹೊಸ ಮನಸ್ಸು ಇಟ್ಟರು. ಗಂಡ ಹೆಂಡತಿ ಸಮಸಮ ಕೂತು ಸಾಹಿತ್ಯದ ಬಗ್ಗೆ ವಾದ ಮಾಡುವುದು, ಹೆಂಡತಿಯ ಮಾತಿಗೆ ಗಂಡ ತನ್ನ ಬರವಣಿಗೆಯ ದಾರಿ ಬದಲಿಸುವುದು, ಪದ್ಯದ ಕಾಲ ಆಯಿತು ಇನ್ನು ಗದ್ಯದ ಕಾಲ ಅಂತ ಒಬ್ಬ ಹೆಂಗಸಿನ ಬಾಯಲ್ಲಿ ಹೇಳಿಸುವುದು, ಇದೆಲ್ಲ ಹಳೇ ಕವಿಗೆ ಹೊಳೆಯುವ ವಿಷಯ ಅಲ್ಲ. ಅದಕ್ಕೇ ಮುಂದೆ ಸಾಹಿತ್ಯದವರು ಮುದ್ದಣರನ್ನು ಹೊಸಗನ್ನಡದ ಮುಂಗೋಳಿ ಅಂತ ಕರೆದರು. ಬೆಳಗಾಗುವ ಮೊದಲೇ ಕೂಗಿ ಎಬ್ಬಿಸುವ ಕೋಳಿ.

31ಕ್ಕೆ ಮುಗಿಯಿತು

ಊರವರ ಮೈ ಗಟ್ಟಿ ಮಾಡಿಸುವ ಕೆಲಸದಲ್ಲಿದ್ದವರ ಮೈಯನ್ನೇ ರೋಗ ಹಿಡಿಯಿತು. ಕ್ಷಯ. ಆಗ ಅದಕ್ಕೆ ಮದ್ದು ಇರಲಿಲ್ಲ. ಈಗಿನ ಮಾತ್ರೆಗಳು ಬರ್ಲಿಕ್ಕೆ ಇನ್ನೂ ಅರ್ಧ ಶತಮಾನ ಬಾಕಿ ಇತ್ತು. ಬಡತನ, ಕೆಲಸ, ರಾತ್ರಿ ಬರವಣಿಗೆ ಎಲ್ಲ ಸೇರಿ ದೇಹ ಕರಗಿತು. 1901ರ ಫೆಬ್ರವರಿಯಲ್ಲಿ ಉಡುಪಿಯಲ್ಲಿ ಮುದ್ದಣರು ತೀರಿಕೊಂಡರು. ಆಗ ಅವರಿಗೆ 31 ವರ್ಷ ಆಗಿ ಕೆಲವೇ ವಾರ ಕಳೆದಿತ್ತು. ಎಳೆ ಪ್ರಾಯದ ಹೆಂಡತಿ, ಸಣ್ಣ ಮಗ ಉಳಿದರು.

ಸಾಯುವಾಗ ಅವರನ್ನು ಓದಿದ್ದ ಹೆಚ್ಚಿನವರಿಗೆ ಮುದ್ದಣ ಯಾರು ಅಂತ ಗೊತ್ತಿರಲಿಲ್ಲ. ಪುಸ್ತಕ ಮೈಸೂರು ಕಡೆ ಪಂಡಿತರ ಕೈಯಲ್ಲಿತ್ತು, ಬರೆದವರು ಉಡುಪಿಯಲ್ಲಿ ಬೂದಿಯಾಗಿದ್ದರು. ಆಮೇಲೆ ಹತ್ತಿರದವರಿಂದ, ಕರಾವಳಿಯ ಸಾಹಿತಿಗಳಿಂದ ನಿಧಾನಕ್ಕೆ ಗುಟ್ಟು ಹೊರಗೆ ಬಂತು. ಹಳೇ ಕವಿ ಅಂತ ಯಾರೂ ಇಲ್ಲ, ನಂದಳಿಕೆಯ ಲಕ್ಷ್ಮೀನಾರಣಪ್ಪನೇ ಮುದ್ದಣ ಅಂತ ನಾಡಿಗೆ ಗೊತ್ತಾಯಿತು. ಹೊಗಳಿಕೆ ಬಂತು, ಕೇಳಿಸಿಕೊಳ್ಳಬೇಕಾದವರು ಇರಲಿಲ್ಲ.

ಕ್ಲಾಸಿನಲ್ಲಿ ಆಡಿದರೆ ಮಾತ್ರ ಪಾಠ

ಆಮೇಲಿನ ಕಥೆ ನಮಗೆಲ್ಲ ಸಂಬಂಧಪಟ್ಟದ್ದು. ಶ್ರೀರಾಮಾಶ್ವಮೇಧದ ಮೊದಲ ಭಾಗ, ಅಂದ್ರೆ ಆ ಗಂಡ ಹೆಂಡತಿಯ ಮಾತುಕತೆ, ಕನ್ನಡ ಪಠ್ಯಪುಸ್ತಕಕ್ಕೆ ಬಂತು. ತಲೆಮಾರುಗಳ ಹುಡುಗ ಹುಡುಗಿಯರು ಅದನ್ನು ಓದಿ ಪರೀಕ್ಷೆ ಬರೆದಿದ್ದಾರೆ. ಪಾಠ ಮಾಡ್ಲಿಕ್ಕೆ ಅಂತ ಶಾಲೆಗೆ ಬಂದು ಮೈದಾನದಲ್ಲಿ ನಿಂತಿದ್ದ ಮಾಸ್ಟ್ರು ಸತ್ತ ಮೇಲೆ ಕ್ಲಾಸ್ ರೂಮಿನ ಒಳಗೆ ಬಂದರು.

ಆದರೆ ಒಳಗೆ ಬಂದ ಮೇಲೆ ಅವರಿಗೆ ಏನಾಯಿತು ಅನ್ನುವುದು ಪ್ರತಿ ಶಾಲೆಯಲ್ಲೂ ಬೇರೆ ಬೇರೆ. ನಾನು ಹೈಸ್ಕೂಲಿನಲ್ಲಿದ್ದಾಗ ಈ ಪಾಠವನ್ನು ಎರಡು ಸಲ ಕೇಳಿದೆ. ಮೊದಲ ಸಲ ಶಬ್ದಾರ್ಥ ಬೋರ್ಡಿನ ಮೇಲೆ ಬಂತು, ಸಾರಾಂಶ ನೋಟ್ಸಿನಲ್ಲಿ ಬಂತು, ಎರಡು ಅಂಕದ ಪ್ರಶ್ನೆ ಯಾವುದು ನಾಲ್ಕು ಅಂಕದ್ದು ಯಾವುದು ಅಂತ ಗುರುತು ಹಾಕಿಕೊಂಡೆವು. ಪ್ರತಿ ಶಬ್ದದ ಕೊನೆಗೆ ಒಂದು ಸೊನ್ನೆ ಇರುವ ಕನ್ನಡ ಅಂತ ನಾವು ಹಿಂದಿನ ಬೆಂಚಿನವರು ನಗಾಡಿದೆವು. ಪಾಠ ಮುಗಿಯಿತು. ಮನೋರಮೆ ಯಾರಂತ ನಮಗೆ ಗೊತ್ತಾಗಲೇ ಇಲ್ಲ.

ಎರಡನೇ ಸಲ ಪರೀಕ್ಷೆ ಮೊದಲು ಪುನರಾವರ್ತನೆಗೆ ಬೇರೆ ಒಬ್ಬರು ಟೀಚರ್ ಬಂದರು. ಅವರು ಬೋರ್ಡ್ ಮುಟ್ಟಲಿಲ್ಲ. ಎರಡು ಕುರ್ಚಿ ಎದುರೆದುರು ಹಾಕಿಸಿದರು. ಒಬ್ಬ ಹುಡುಗ ಮುದ್ದಣ, ಒಬ್ಬಳು ಹುಡುಗಿ ಮನೋರಮೆ. ಶಬ್ದಾರ್ಥ ಆಮೇಲೆ ನೋಡುವ, ಮೊದಲು ಮಾತಾಡಿ ಅಂದರು. ಓದುವವರು ಸುಮ್ಮನೆ ಓದಿದರೆ ಬಿಡ್ತಿರಲಿಲ್ಲ. ಈಗ ಅವಳಿಗೆ ಸಿಟ್ಟು ಬಂದಿದೆಯಾ, ಸಿಟ್ಟಿನ ನಾಟಕ ಮಾಡ್ತಾ ಇದ್ದಾಳಾ? ಅವನು ಸಂಸ್ಕೃತ ಹಾಕಿದ್ದು ಅವಳಿಗೆ ಅರ್ಥ ಆಗಲಿ ಅಂತನಾ, ಅರ್ಥ ಆಗದೇ ಇರಲಿ ಅಂತನಾ? ಹೀಗೆ ಒಂದೊಂದು ಮಾತಿಗೂ ಪ್ರಶ್ನೆ. ಮನೋರಮೆ ಮಾಡಿದವಳು ಮನೆಯಲ್ಲಿ ಯಕ್ಷಗಾನ ನೋಡಿ ಬೆಳೆದವಳು. ಎರಡನೇ ಸುತ್ತಿಗೆ ಅವಳು ಸೊಂಟಕ್ಕೆ ಕೈ ಕೊಟ್ಟು ಗಂಡನನ್ನು ತಡೆದಳು ನೋಡಿ, ಇಡೀ ಕ್ಲಾಸ್ ನಕ್ಕಿತು. ಆ ನಗೆಯಲ್ಲಿ ಅರ್ಥ ಆದದ್ದು ನನಗೆ ಇವತ್ತಿನವರೆಗೆ ಮರೆತಿಲ್ಲ. ಹಳಗನ್ನಡ ಬರೀತಾ ಕೂತರೆ ಕಲ್ಲು, ಬಾಯಿಗೆ ಬಂದರೆ ಬೆಲ್ಲ.

ನಾಟಕ, ಕಥೆಗಳ ಪಾಠ ಹೇಗಿರಬೇಕು ಅಂತ ಶಿಕ್ಷಕರ ತರಬೇತಿಗಳಲ್ಲಿ ಎಷ್ಟೋ ಚರ್ಚೆ ಆಗ್ತದೆ. ನಾನು ಶಿಕ್ಷಕ ಅಲ್ಲ, ಹೇಳುವ ಯೋಗ್ಯತೆಯೂ ಇಲ್ಲ. ಆದರೆ ಮುದ್ದಣರ ಪುಸ್ತಕವೇ ಅದಕ್ಕೆ ಒಂದು ಉತ್ತರ ಕೊಡ್ತದೆ ಅನ್ನಿಸ್ತದೆ. ಆ ಪುಸ್ತಕದಲ್ಲಿ ಮುದ್ದಣ ಮಾಸ್ಟ್ರು, ಮನೋರಮೆ ವಿದ್ಯಾರ್ಥಿ ಅಂತ ಇಟ್ಟುಕೊಂಡು ನೋಡಿ. ಈ ವಿದ್ಯಾರ್ಥಿ ಅರ್ಥ ಆಗದಿದ್ದರೆ ತಲೆ ಆಡಿಸುವುದಿಲ್ಲ. ಬೇಸರ ಬಂದರೆ ಮುಚ್ಚಿಡುವುದಿಲ್ಲ. ಇದು ಹೀಗ್ಯಾಕೆ ಅಂತ ಕೇಳ್ತಾಳೆ. ಮಾಸ್ಟ್ರು ಸಿಟ್ಟು ಮಾಡಿಕೊಳ್ಳುವುದಿಲ್ಲ, ತನ್ನ ದಾರಿಯನ್ನೇ ಬದಲಿಸ್ತಾನೆ. ಕಥೆ ಚೆನ್ನಾಗಿ ಆಗುವುದು ಅವಳು ತಡೆದದ್ದಕ್ಕೆ. ಇಡೀ ದಿನ ಸಾಲಿನಲ್ಲಿ ನಿಲ್ಲಿ, ಸುಮ್ಮನಿರಿ, ಹೇಳಿದ್ದು ಮಾಡಿ ಅಂತ ಹೇಳುವುದೇ ಕೆಲಸ ಆಗಿದ್ದ ಮನುಷ್ಯ, ಬರೆಯಲು ಕೂತಾಗ ಸಾಲಿನಿಂದ ಹೊರಗೆ ಬಂದು ಮಾತಾಡುವವಳನ್ನು ಸೃಷ್ಟಿ ಮಾಡಿದರು!

ಈಗ ಹೈಸ್ಕೂಲಿನಲ್ಲಿ ಪಾಠಗಳು ಜಾಸ್ತಿ, ದಿನಗಳು ಕಡಿಮೆ. ಫಲಿತಾಂಶದ ಒತ್ತಡ ಬೇರೆ. ಎಸ್ಎಸ್ಎಲ್‌ಸಿ ರಿಸಲ್ಟಿನಲ್ಲಿ ನಮ್ಮ ಜಿಲ್ಲೆ ಎಷ್ಟನೇ ಸ್ಥಾನ ಅಂತ ನಾವೇ ಹೆಡ್‌ಲೈನ್ ಹಾಕ್ತೇವೆ, ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಎರಡು ಕುರ್ಚಿ ಹಾಕಿ ಆಡಿಸ್ಲಿಕ್ಕೆ ಟೀಚರ್‌ಗಳಿಗೆ ಪುರುಸೊತ್ತು ಎಲ್ಲಿ? ಆದರೂ ಒಂದು ಪಾಠಕ್ಕೆ ಒಂದೇ ಪಿರಿಯಡ್ ಸಾಕು. ಖರ್ಚು ಏನೂ ಇಲ್ಲ. ಎರಡು ಕುರ್ಚಿ ಎಲ್ಲ ಶಾಲೆಯಲ್ಲೂ ಉಂಟು. ಆಟ, ತಾಳಮದ್ದಳೆ ಕೇಳಿ ಬೆಳೆದ ಮಕ್ಕಳು ನಮ್ಮ ಎಲ್ಲ ಶಾಲೆಯಲ್ಲೂ ಇದ್ದಾರೆ.

ಬೋರ್ಡಿನಲ್ಲಿ ಪೂರ್ತಿ ಹೆಸರು ಬರಲಿ

ಮುದ್ದಣರಿಗೆ ಊರು ಏನೂ ಮಾಡಿಲ್ಲ ಅಂತ ಹೇಳಿದರೆ ತಪ್ಪಾಗ್ತದೆ. ನಂದಳಿಕೆಯಲ್ಲಿ ಅವರ ನೆನಪು ಉಳಿಸುವ ಕೆಲಸ ತುಂಬಾ ವರ್ಷದಿಂದ ನಡೀತಾ ಇದೆ. ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿದೆ. ಹೆಸರು ಮುಚ್ಚಿಟ್ಟು ಅಂಚೆಯಲ್ಲಿ ಕಾವ್ಯ ಕಳಿಸಿದವರ ಮುಖವೇ ಅಂಚೆಚೀಟಿಯ ಮೇಲೆ ಬಂತು. ಉಡುಪಿಯ ನಡುಪೇಟೆಯ ರಸ್ತೆಗೆ ಅವರ ಹೆಸರು ಇಟ್ಟದ್ದೂ ಸಣ್ಣ ಗೌರವ ಅಲ್ಲ.

ಆದರೆ ಆ ಹೆಸರನ್ನು ನಾವು ಎರಡು ಅಕ್ಷರಕ್ಕೆ ಇಳಿಸಿಬಿಟ್ಟೆವು. ಬದುಕಿದ್ದಾಗ ಅವರು ತಾನಾಗಿಯೇ ಹೆಸರು ಮುಚ್ಚಿಟ್ಟರು, ಅದಕ್ಕೆ ಕಾರಣ ಇತ್ತು. ಈಗ ಮುಚ್ಚಿಡುವವರು ನಾವು, ಜಾಗ ಉಳಿಯಲಿ ಅಂತ. ಅಂಗಡಿಯವರಲ್ಲಿ ಒಂದು ವಿನಂತಿ. ಮುಂದಿನ ಸಲ ಬೋರ್ಡ್ ಬರೆಸುವಾಗ, ಬಿಲ್ ಬುಕ್ ಪ್ರಿಂಟ್ ಹಾಕಿಸುವಾಗ ಕೆ.ಎಂ. ಬದಲು ಕವಿ ಮುದ್ದಣ ಮಾರ್ಗ ಅಂತ ಪೂರ್ತಿ ಬರೆಸಿ. ಹೆಚ್ಚೆಂದರೆ ನಾಲ್ಕು ಅಕ್ಷರ ಜಾಸ್ತಿ ಆದೀತು.

ಗಿರಾಕಿಯ ಜೊತೆ ಬಂದ ಮಗು ಆ ಬೋರ್ಡ್ ಓದಿ ಮುದ್ದಣ ಅಂದ್ರೆ ಯಾರು ಅಂತ ಕೇಳಿದರೆ, ಅಂಗಡಿಯ ಗಡಿಬಿಡಿಯಲ್ಲೂ ಎರಡು ನಿಮಿಷ ಬಿಡುವು ಮಾಡಿ ಹೇಳಿ. ಇಲ್ಲೇ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟ್ರಾಗಿದ್ದರು, ಮಳೆ ಬರುವಾಗ ಹೆಂಡತಿಗೆ ಒಂದು ಕಥೆ ಹೇಳಿದರು, ಹೆಂಡತಿ ಸುಮ್ಮನೆ ಕೇಳಲಿಲ್ಲ ಅಂತ. ಆಮೇಲೆ ಎಂತ ಆಯ್ತು ಅಂತ ಮಗು ಖಂಡಿತ ಕೇಳ್ತದೆ.